ನೆನಪೂ ಮರೆವೂ

ಧಾರವಾಡದಿಂದ ಬಂದ ಅಣ್ಣನ ಮಗ ನಮ್ಮ ಮನೆಯಲ್ಲಿದ್ದು ಇಲ್ಲಿಯೇ ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದ ಹುಡುಗ. ‘ಸಿ’ ಎಂಬ ಗಣಕಭಾಷೆಯ ವಿಷಯದಲ್ಲಿ ಕಳೆದ ವರ್ಷ ಒಮ್ಮೆ ನಪಾಸಾಗಿದ್ದ. ಎರಡನೆಯ ಪರೀಕ್ಷೆ ಸಮೀಪಿಸಿತ್ತು. ಒಂದು ರಾತ್ರಿ ಪುಸ್ತಕ ಮುಚ್ಚಿಟ್ಟು, “ಕಾಕಾ, ನನಗ ಇದು ಆಗೂದಿಲ್ಲ. ಊರಿಗೆ ಹೋಗಿಬಿಡ್ತೀನಿ,” ಎಂದ. ಬಿ.ಎ. ಓದಿದ ಗುಮಾಸ್ತ ನಾನು, ಏನು ಹೇಳಲಿ? ಆದರೂ “ಎಲ್ಲಿ ತಡದದ, ತೋರಸು,” ಎಂದೆ.

ತೋರಿಸಿದ. ‘ಫಂಕ್ಷನ್’ ಎಂದರೆ ಒಂದು ಗೊತ್ತಾದ ಕೆಲಸವನ್ನು ವಹಿಸಿಕೊಟ್ಟ ಮೇಜು ಎಂದು ತಿಳಿಯಿರಿ. ಕರೆದಾಗ ಕೆಲಸ ಮಾಡಿ ಉತ್ತರ ಹಿಂತಿರುಗಿಸುತ್ತದೆ. ಅದರ ಕೈಗೆ ಒಂದು ಸಂಖ್ಯೆಯನ್ನು ಕೊಟ್ಟರೆ ಹೋಗುವುದು ಮೂಲವಲ್ಲ, ನಕಲು. ನಕಲಿನ ಮೇಲೆ ಏನು ತಿದ್ದಿದರೂ ಮೂಲ ಹಾಗೆಯೇ ಉಳಿಯುತ್ತದೆ. ಹುಡುಗನ ಫಂಕ್ಷನ್ನು ಕರೆದಾಗಲೆಲ್ಲ ಮುಂದಿನ ಅನುಕ್ರಮ ಸಂಖ್ಯೆಯನ್ನು ಕೊಡಬೇಕಿತ್ತು. ಸೊನ್ನೆಯಿಂದ ಆರಂಭಿಸಿ ಒಂದನ್ನು ಕೂಡಿಸಲು ಬರೆದಿದ್ದ. “ಮೂರು ಸಲ ಕರದ್ರೂ ಒಂದಽ ಅಂತದ ನೋಡ್ರಿ!”

ನನಗೆ ನಗು ಬಂತು. ನಮ್ಮ ಕಚೇರಿಯ ಆವಕ ವಿಭಾಗದವನು ಬಂದ ಪತ್ರದ ನಂಬರನ್ನು ಚೀಟಿಯ ಮೇಲೆ ಬರೆದು, ಕೂಡಲೇ ಚೀಟಿಯನ್ನು ಬುಟ್ಟಿಗೆ ಎಸೆದರೆ ಏನಾದೀತು? ಪ್ರತಿ ಪತ್ರವೂ ಒಂದನೆಯ ನಂಬರಿನದೇ! ಫಂಕ್ಷನ್ನಿನೊಳಗಿನ ಸಾಮಾನ್ಯ ವೇರಿಯಬಲ್ಲು ಈ ಚೀಟಿಯೇ. ಅದಕ್ಕೆ ‘ಆಟೋ’ ಎಂದು ಹೆಸರು. ಕರೆದಾಗ ಹುಟ್ಟುತ್ತದೆ, ಕೆಲಸ ಮುಗಿದೊಡನೆ ಅಳಿಯುತ್ತದೆ. ಅದರ ಹಿಂದೆ ‘ಸ್ಟ್ಯಾಟಿಕ್’ ಎಂದು ಬರೆದರೆ ಚೀಟಿ ಹೋಗಿ ಹೊಲಿದ ದಫ್ತರವಾಗುತ್ತದೆ. ಸೊನ್ನೆ ಇಡುವುದು ಆರಂಭದಲ್ಲಿ ಒಮ್ಮೆ ಮಾತ್ರ. ಆಮೇಲೆ ಒಂದು, ಎರಡು, ಮೂರು. ಆದರೆ ದಫ್ತರ ಆ ಮೇಜಿನ ಖಾನೆಯಲ್ಲಿಯೇ. ಪಕ್ಕದ ಮೇಜಿನವನಿಗೆ ಅದರ ಹೆಸರೂ ತಿಳಿಯದು. ಎಲ್ಲರಿಗೂ ಬೇಕಾದದ್ದು ಬೇರೆ ಕಡತದಲ್ಲಿದ್ದರೆ ‘ಎಕ್ಸ್‌ಟರ್ನ್’ ಎಂದು ಸೂಚಿಸಬೇಕು. ‘ರಿಜಿಸ್ಟರ್’ ಎಂದೊಡನೆ ಗುಮಾಸ್ತನ ಕಿವಿ ನಿಮಿರಿತು. ಆದರೆ ಅದು ನಮ್ಮ ಪುಸ್ತಕವಲ್ಲ, ಗಣಕದ ಮಿದುಳಿನೊಳಗಿನ ಕೆಲವೇ ಗೂಡುಗಳು. ಅಲ್ಲಿಡು ಎಂಬುದು ಬರೀ ವಿನಂತಿ. ಇಂದಿನ ಕಂಪೈಲರುಗಳು ಬಹುಮಟ್ಟಿಗೆ ತಾವೇ ನಿರ್ಧರಿಸುತ್ತವೆ.

ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಈ ಭಾಷೆಯನ್ನು 1972ರ ಸುಮಾರಿಗೆ ರೂಪಿಸಿದಾಗ ಯಂತ್ರಗಳ ಸ್ಮೃತಿ ಬಹಳ ಕಿರಿದು. ಯಾವುದನ್ನು ಎಷ್ಟು ಹೊತ್ತು ಇಡಬೇಕೆಂಬ ವಿಚಾರ ಅಂದು ದೊಡ್ಡದು. ಬಟ್ಟೆ ತೊಳೆಯುವ ಯಂತ್ರದೊಳಗಿನ ಪುಟ್ಟ ಗಣಕಕ್ಕೆ ಇಂದೂ ಅದೇ ವಿಚಾರ.

ಹುಡುಗನಿಗೆ ಎಷ್ಟು ಹರ್ಷವಾಯಿತೆಂದರೆ ಮರುದಿನ ಎಲ್ಲದರ ಹಿಂದೆಯೂ ‘ಸ್ಟ್ಯಾಟಿಕ್’ ಹಚ್ಚಿದ! ವಿದ್ಯಾರ್ಥಿಗಳ ಅಂಕ ಕೂಡಿಸುವ ಲೆಕ್ಕದಲ್ಲಿ ಮೊದಲನೆಯವನ ಮೊತ್ತ ಎರಡನೆಯವನ ತಲೆಗೆ ಬಂತು. ಆಗ ತಾನೇ ಕೂತು ಯೋಚಿಸಿ, “ಕಾಕಾ, ಇಲ್ಲಿ ಮರೀಬೇಕು, ಒಬ್ಬನ ಲೆಕ್ಕ ಒಬ್ಬಗ ಬರಬಾರದು,” ಎಂದ. ಈ ಮಾತನ್ನು ನಾನು ಕಲಿಸಿರಲಿಲ್ಲ.

ಎರಡನೆಯ ಸಲ ಪಾಸಾದ. ಮೊನ್ನೆ ಅಣ್ಣನಿಗೆ ಫೋನಿನಲ್ಲಿ ಅದೇ ಚೀಟಿ ಮತ್ತು ದಫ್ತರದ ಕಥೆಯನ್ನು ವಿವರಿಸುತ್ತಿದ್ದ. ಅಣ್ಣ ಏನು ತಿಳಿದುಕೊಂಡನೋ, “ಹಿಂದಿನ ನಪಾಸನ್ನ ಚೀಟಿ ಮ್ಯಾಲೆ ಬರಿ,” ಎಂದನಂತೆ.

ವಾಚಕರೇ, ನಿಮ್ಮ ಮನೆಯಲ್ಲಿಯೂ ಪುಸ್ತಕ ಮುಚ್ಚಿಟ್ಟು ಕೂತ ಹುಡುಗನೋ ಹುಡುಗಿಯೋ ಇದ್ದರೆ, ನಿಮಗೆ ವಿಷಯ ಬಾರದೆಂದು ದೂರ ಸರಿಯಬೇಡಿ. ಎಲ್ಲಿ ತಡೆದಿದೆ ಎಂದು ಕೇಳಿ, ನಮ್ಮ ಮಾತಿನಲ್ಲಿಯೇ ಹೇಳಿಸಿ. ಹೇಳುತ್ತ ಹೇಳುತ್ತ ಅರ್ಧ ಗಂಟು ತಾನೇ ಸಡಿಲವಾಗುತ್ತದೆ.