ಸಿಇಟಿ ಆಯ್ಕೆ ಪಟ್ಟಿ: ಕೊನೆಯ ಸಾಲಿನಲ್ಲಿ ಏನಿದೆ?

ಸಿಇಟಿ ಫಲಿತಾಂಶ ಪ್ರಕಟವಾದ ಮರುದಿನ ಪತ್ರಿಕೆಗಳ ಮುಖಪುಟದಲ್ಲಿ ಮೊದಲ ಹತ್ತು ರ‍್ಯಾಂಕ್ ಗಳಿಸಿದವರ ಫೋಟೊಗಳು ರಾರಾಜಿಸುತ್ತವೆ. ಅವರಿಗೆ ಸೀಟಿನ ಚಿಂತೆ ಇಲ್ಲ. ಚಿಂತೆ ಇರುವುದು ಮೂವತ್ತು ಸಾವಿರ, ಅರುವತ್ತು ಸಾವಿರ, ಒಂದು ಲಕ್ಷದ ಆಸುಪಾಸಿನ ರ‍್ಯಾಂಕ್ ಪಡೆದ ಮಕ್ಕಳಿಗೆ. 2025ರಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ಪಡೆದವರೇ ಎರಡೂವರೆ ಲಕ್ಷಕ್ಕಿಂತ ಹೆಚ್ಚು. ನಮ್ಮ ಕರಾವಳಿಯ ಹೆಚ್ಚಿನ ಮನೆಗಳ ಮಕ್ಕಳು ಈ ದೊಡ್ಡ ಗುಂಪಿನಲ್ಲೇ ಇದ್ದಾರೆ. ಅವರ ಭವಿಷ್ಯವನ್ನು ಪರೀಕ್ಷೆಯಷ್ಟೇ ಅಲ್ಲ, ಪರೀಕ್ಷೆಯ ಬಳಿಕ ಕಂಪ್ಯೂಟರಿನ ಮುಂದೆ ಕುಳಿತು ತುಂಬಿಸುವ ಒಂದು ಪಟ್ಟಿಯೂ ನಿರ್ಧರಿಸುತ್ತದೆ. ಅದನ್ನು 'ಆಪ್ಶನ್ ಎಂಟ್ರಿ' ಎನ್ನುತ್ತಾರೆ.

ಪರೀಕ್ಷೆಗೆ ಎರಡು ವರ್ಷ ಕೋಚಿಂಗ್ ಕೊಡಿಸುವ ಹೆತ್ತವರು ಈ ಪಟ್ಟಿಗೆ ಎರಡು ಗಂಟೆಯನ್ನೂ ಕೊಡುವುದಿಲ್ಲ ಎಂಬುದು ವಿಷಾದದ ಸಂಗತಿ. ಹೆಸರು ಕೇಳಿದ ಏಳೆಂಟು ಕಾಲೇಜು, ಎಲ್ಲದರಲ್ಲೂ ಕಂಪ್ಯೂಟರ್ ಸಯನ್ಸ್, ಅಲ್ಲಿಗೆ ಪಟ್ಟಿ ಮುಗಿಯಿತು! ಮೊದಲ ಸುತ್ತಿನಲ್ಲಿ ಏನೂ ಸಿಗದಾಗ ಮನೆಯಲ್ಲಿ ಗಾಬರಿ. ಆಗ ಯಾರೋ ಪರಿಚಯಸ್ಥರ ಮೂಲಕ ಆಡಳಿತ ಮಂಡಳಿ ಕೋಟಾದ ಸೀಟಿಗೆ ಓಡಾಟ, ಚಿನ್ನ ಅಡವಿಟ್ಟು ಸಾಲ, ಗಲ್ಫಿನಲ್ಲಿರುವ ಸೋದರಮಾವನಿಗೆ ಫೋನು. ಇದೆಲ್ಲವೂ ಪಟ್ಟಿಯ ಕೆಳಭಾಗದಲ್ಲಿ ಇನ್ನು ಹತ್ತು ಸಾಲು ಸೇರಿಸಿದ್ದರೆ ತಪ್ಪುತ್ತಿತ್ತು.

ಮೊದಲು ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳೋಣ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಎಂಜಿನಿಯರಿಂಗ್ ರ‍್ಯಾಂಕನ್ನು ಸಿಇಟಿ ಅಂಕ ಮತ್ತು ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳನ್ನು ಸಮಸಮವಾಗಿ ಪರಿಗಣಿಸಿ ಸಿದ್ಧಪಡಿಸುತ್ತದೆ. ಸೀಟು ಹಂಚುವಾಗ ಗಣಕಯಂತ್ರ ಒಂದನೇ ರ‍್ಯಾಂಕಿನಿಂದ ಶುರು ಮಾಡಿ ಒಬ್ಬೊಬ್ಬರ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತಾ ಹೋಗುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಮೊದಲ ಆಯ್ಕೆಯಲ್ಲಿ ಸೀಟು ಉಳಿದಿದ್ದರೆ ಅದು ನಿಮ್ಮದು. ಇಲ್ಲದಿದ್ದರೆ ಎರಡನೆಯದು, ಮತ್ತೆ ಮೂರನೆಯದು. ಪಟ್ಟಿ ಮುಗಿದರೂ ಸಿಗದಿದ್ದರೆ ಆ ಸುತ್ತಿನಲ್ಲಿ ನಿಮಗೆ ಸೀಟು ಇಲ್ಲ, ಅಷ್ಟೇ. ನೀವು ಒಂದು ಕಾಲೇಜನ್ನು ಐದನೆಯದಾಗಿ ಬರೆದಿರೋ ಐವತ್ತನೆಯದಾಗಿ ಬರೆದಿರೋ ಎಂದು ಯಂತ್ರ ಲೆಕ್ಕ ಹಾಕುವುದಿಲ್ಲ. ಅಲ್ಲಿ ರ‍್ಯಾಂಕ್ ಮಾತ್ರ ಮಾತಾಡುತ್ತದೆ.

ಇದರಿಂದ ಎರಡು ವಿಷಯ ತಿಳಿದುಬರುತ್ತದೆ. ಒಂದು, ಕೈಗೆಟುಕದ ಕಾಲೇಜನ್ನು ಮೇಲೆ ಬರೆದರೆ ಏನೂ ನಷ್ಟವಿಲ್ಲ. ಬೆಂಗಳೂರಿನ ಅತಿ ಬೇಡಿಕೆಯ ಕಾಲೇಜು ಮಗಳಿಗೆ ಇಷ್ಟವಿದ್ದರೆ ಬರೆಯಲಿ, ಸಿಗದಿದ್ದರೆ ಯಂತ್ರ ಮುಂದಿನ ಸಾಲಿಗೆ ಹೋಗುತ್ತದೆ. ಎರಡು, 'ಸೇಫ್ ಆಗಿರಲಿ' ಎಂದು ಸುಲಭವಾಗಿ ಸಿಗುವ ಕಾಲೇಜನ್ನು ಮೇಲೆ ಬರೆಯುವುದು ದೊಡ್ಡ ತಪ್ಪು. ಅದು ಸಿಕ್ಕಿಯೇ ಸಿಗುತ್ತದೆ, ಮತ್ತು ಅದರ ಕೆಳಗೆ ಬರೆದದ್ದೆಲ್ಲ ಆ ಕ್ಷಣವೇ ಅಳಿದುಹೋಗುತ್ತದೆ. ಸುರಕ್ಷಿತ ಆಯ್ಕೆಯ ಜಾಗ ಪಟ್ಟಿಯ ಕೆಳಗೆ. ಇದನ್ನು ಎಷ್ಟು ಸಲ ಹೇಳಿದರೂ ಸೈಬರ್ ಸೆಂಟರಿನ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ.

ಹಾಗಾದರೆ ಸುರಕ್ಷಿತ ಆಯ್ಕೆ ಎಂದರೆ ಯಾವುದು? ನಮ್ಮಲ್ಲಿ ಹೆಚ್ಚಿನವರು ಅದನ್ನು ಕಾಲೇಜಿನ ಹೆಸರಿನಿಂದ ಅಳೆಯುತ್ತಾರೆ. ಅದು ಸರಿಯಲ್ಲ. ಒಂದೇ ಕಾಲೇಜಿನಲ್ಲಿ ಕಂಪ್ಯೂಟರ್ ಸಯನ್ಸ್ ವಿಭಾಗ ಬೇಗ ತುಂಬಿದರೆ, ಸಿವಿಲ್, ಮೆಕ್ಯಾನಿಕಲ್ ವಿಭಾಗಗಳು ಬಹಳ ಕೆಳಗಿನ ರ‍್ಯಾಂಕಿನ ತನಕ ತೆರೆದಿರುತ್ತವೆ. ರಾಜ್ಯದಲ್ಲಿ ಪ್ರತಿ ವರ್ಷ ಸಾವಿರಾರು ಎಂಜಿನಿಯರಿಂಗ್ ಸೀಟುಗಳು ಖಾಲಿ ಉಳಿಯುವುದೂ ಮುಖ್ಯವಾಗಿ ಇಂಥ ವಿಭಾಗಗಳಲ್ಲೇ. ಆದ್ದರಿಂದ ಕಾಲೇಜು ಮತ್ತು ವಿಭಾಗ ಎರಡನ್ನೂ ಸೇರಿಸಿ ಒಂದು ಆಯ್ಕೆ ಎಂದು ಎಣಿಸಬೇಕು. ಪ್ರಾಧಿಕಾರದ ಜಾಲತಾಣದಲ್ಲಿ ಹಿಂದಿನ ವರ್ಷಗಳ ಕಟ್-ಆಫ್ ರ‍್ಯಾಂಕುಗಳು ಸಿಗುತ್ತವೆ. ಒಂದು ವರ್ಷದ್ದನ್ನು ನೋಡಿ ನಂಬಬೇಡಿ, ಮೂರು ವರ್ಷದ್ದನ್ನು ಸಾಲಾಗಿ ಬರೆಯಿರಿ. ಮೊದಲ ಸುತ್ತಿನ ಕಟ್-ಆಫ್ ಮತ್ತು ಕೊನೆಯ ಸುತ್ತಿನ ಕಟ್-ಆಫ್ ಬೇರೆ ಬೇರೆ ಎಂಬುದೂ ನೆನಪಿರಲಿ. ನಿಮ್ಮ ರ‍್ಯಾಂಕ್ ನಲುವತ್ತು ಸಾವಿರವಾಗಿದ್ದು, ಒಂದು ವಿಭಾಗ ಮೂರೂ ವರ್ಷ ಮೊದಲ ಸುತ್ತಿನಲ್ಲೇ ಅರುವತ್ತು ಸಾವಿರದ ಆಚೆಗೆ ಮುಕ್ತಾಯವಾಗಿದ್ದರೆ ಅದನ್ನು ಸುರಕ್ಷಿತ ಎನ್ನಬಹುದು. ನಲುವತ್ತೆರಡು ಸಾವಿರಕ್ಕೆ ಮುಗಿದದ್ದು ಸುರಕ್ಷಿತವಲ್ಲ, ಅದೃಷ್ಟ.

ಹಿಂದಿನ ಅಂಕಿಅಂಶಗಳನ್ನು ಓದುವಾಗಲೂ ಸ್ವಲ್ಪ ಎಚ್ಚರ ಬೇಕು. 2024ರ ಸಿಇಟಿಯಲ್ಲಿ ಪಠ್ಯಕ್ರಮದಿಂದ ಹೊರಗಿನ ಪ್ರಶ್ನೆಗಳು ಬಂದು ಗದ್ದಲವಾಗಿ ಸುಮಾರು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಅದೇ 2024-25ರ ಸಾಲಿನಿಂದ ಎಐಸಿಟಿಇ ಒಂದು ವಿಭಾಗದಲ್ಲಿ ಇಷ್ಟೇ ಸೀಟು ಎಂಬ ಮಿತಿಯನ್ನು ತೆಗೆದುಹಾಕಿತು. ಕಂಪ್ಯೂಟರ್ ಮತ್ತು ಕೃತಕ ಬುದ್ಧಿಮತ್ತೆಯ ಸೀಟುಗಳು, ವಿಶೇಷವಾಗಿ ಬೆಂಗಳೂರಿನ ಸುತ್ತಮುತ್ತ, ಹೆಚ್ಚಾದವು. ಸೀಟು ಹೆಚ್ಚಾದರೆ ಕಟ್-ಆಫ್ ಸಡಿಲವಾಗುತ್ತದೆ. ಸೀಟು ಹೆಚ್ಚಾದ ವೇಗದಲ್ಲಿ ಒಳ್ಳೆಯ ಅಧ್ಯಾಪಕರೂ ಹೆಚ್ಚಾದರೇ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಕಾಲೇಜಿಗೆ ಹೋಗಿ, ಅಲ್ಲಿ ಕಲಿಯುವ ಮಕ್ಕಳನ್ನೇ ಕೇಳಿ ತಿಳಿದುಕೊಳ್ಳಬೇಕು.

ಮೀಸಲಾತಿಯ ವಿಷಯದಲ್ಲಿ ನಮ್ಮ ಸಮುದಾಯದಲ್ಲಿ ಒಂದು ತಪ್ಪು ನಂಬಿಕೆ ಇದೆ. ಕರ್ನಾಟಕದಲ್ಲಿ ಕ್ರೈಸ್ತರು ಸಾಮಾನ್ಯವಾಗಿ ಪ್ರವರ್ಗ 3ಬಿಯಲ್ಲಿ ಬರುತ್ತಾರೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿದ್ದಾರೆ. 3ಬಿಗೆ ಮೀಸಲು ಶೇ. 5. "ನಮಗೆ 3ಬಿ ಇದೆಯಲ್ಲ, ಸಿಗುತ್ತದೆ" ಎಂದು ಧೈರ್ಯದಿಂದ ಹೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಖಾಸಗಿ ಕಾಲೇಜಿನ ಒಂದು ವಿಭಾಗದಲ್ಲಿ 60 ಸೀಟು ಎಂದಿಟ್ಟುಕೊಳ್ಳೋಣ. ಸಿಇಟಿ ಪಾಲು ಶೇ. 45 ಎಂದರೆ 27 ಸೀಟು (ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಈ ಪಾಲು ಸ್ವಲ್ಪ ಬೇರೆ). ಅದರಲ್ಲಿ ಶೇ. 5 ಎಂದರೆ ಒಂದೇ ಒಂದು ಸೀಟು! ಅದೂ ಗ್ರಾಮೀಣ, ಕನ್ನಡ ಮಾಧ್ಯಮ ಎಂದು ಒಳವಿಂಗಡಣೆಗೆ ಒಳಪಡುತ್ತದೆ. ಆ ಸೀಟಿಗೆ ಲಿಂಗಾಯತ ಮುಂತಾದ ದೊಡ್ಡ ಸಮುದಾಯಗಳ ಮಕ್ಕಳೂ ಸ್ಪರ್ಧಿಗಳು. ಒಂದೇ ಸೀಟು ಇರುವಲ್ಲಿ ಒಬ್ಬ ವಿದ್ಯಾರ್ಥಿಯ ನಿರ್ಧಾರದಿಂದ ಕಟ್-ಆಫ್ ಒಂದು ವರ್ಷ ಮೂವತ್ತು ಸಾವಿರ, ಮತ್ತೊಂದು ವರ್ಷ ಐವತ್ತು ಸಾವಿರ ಆಗಬಹುದು. ಆದ್ದರಿಂದ 3ಬಿ ಕಾಲಂ ನೋಡಿ ಆಸೆ ಇಟ್ಟುಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಸುರಕ್ಷಿತ ಆಯ್ಕೆಯನ್ನು ಜಿಎಂ ಕಾಲಂ ನೋಡಿಯೇ ಗುರುತಿಸಿ.

ಇದರ ಅರ್ಥ ಪ್ರಮಾಣಪತ್ರ ಬೇಡವೆಂದಲ್ಲ. ತಹಶೀಲ್ದಾರರಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಅರ್ಜಿ ತುಂಬುವ ಮೊದಲೇ ಮಾಡಿಸಿಕೊಳ್ಳಬೇಕು, ಅದರ ಆರ್‌ಡಿ ಸಂಖ್ಯೆ ಸರಿಯಾಗಿ ದಾಖಲಾಗಬೇಕು. ಒಂದರಿಂದ ಹತ್ತನೇ ತರಗತಿಯ ತನಕ ಗ್ರಾಮೀಣ ಪ್ರದೇಶದಲ್ಲಿ ಕಲಿತ ಮಕ್ಕಳಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಶೇ. 5 ಮೀಸಲಿದೆ. ನಮ್ಮ ಹಳ್ಳಿಗಳ ಚರ್ಚ್ ಶಾಲೆಗಳಲ್ಲಿ ಕಲಿತ ಎಷ್ಟೋ ಮಕ್ಕಳು ಎರಡಕ್ಕೂ ಅರ್ಹರು. ಆದರೆ ಅರ್ಜಿಯಲ್ಲಿ ಕೇಳದೆ ಬಿಟ್ಟದ್ದನ್ನು ಸೀಟು ಹಂಚಿಕೆಯ ಹೊತ್ತಿಗೆ ಯಾರೂ ಕೊಡುವುದಿಲ್ಲ.

ಇನ್ನು ಹಣದ ಮಾತು. ಈ ವಿಷಯದಲ್ಲಿ ಮಕ್ಕಳ ಮುಂದೆ ಮೌನವಾಗಿರುವುದೇ ಘನತೆ ಎಂದು ನಮ್ಮ ಹೆತ್ತವರು ಭಾವಿಸಿದ್ದಾರೆ. 2024-25ರಲ್ಲಿ ಖಾಸಗಿ ಕಾಲೇಜುಗಳ ಸಿಇಟಿ ಸೀಟಿಗೆ ಸರಕಾರ ನಿಗದಿಪಡಿಸಿದ ಶುಲ್ಕ ವರ್ಷಕ್ಕೆ 76 ಸಾವಿರದಿಂದ 85 ಸಾವಿರದ ಒಳಗಿತ್ತು. ಅದೇ ಕಾಲೇಜಿನ ಕಾಮೆಡ್-ಕೆ ಸೀಟಿಗೆ ಎರಡು ಲಕ್ಷ ದಾಟುತ್ತದೆ. ಆಡಳಿತ ಮಂಡಳಿ ಕೋಟಾದಲ್ಲಿ ಬೇಡಿಕೆಯ ವಿಭಾಗಕ್ಕೆ ಇನ್ನೂ ಹೆಚ್ಚು. ಜೊತೆಗೆ ಹಾಸ್ಟೆಲ್, ಊಟ, ಊರಿಗೆ ಬಂದುಹೋಗುವ ಖರ್ಚು. ನಾಲ್ಕು ವರ್ಷದ ಒಟ್ಟು ಮೊತ್ತವನ್ನು ಕಾಗದದ ಮೇಲೆ ಬರೆದು ಮಗನಿಗೆ ತೋರಿಸಿ. ಶುಲ್ಕ ಕಟ್ಟಲು ಸಾಧ್ಯವಿಲ್ಲದ ಕಾಲೇಜು ಎಷ್ಟೇ ಸುಲಭವಾಗಿ ಸಿಕ್ಕಿದರೂ ಅದು ಸುರಕ್ಷಿತ ಆಯ್ಕೆಯಲ್ಲ. ಸರಕಾರಿ ಎಂಜಿನಿಯರಿಂಗ್ ಕಾಲೇಜುಗಳು, ನಮಗೆ ಹತ್ತಿರದ ಕಾರವಾರದ್ದೂ ಸೇರಿದಂತೆ, ನಮ್ಮವರ ಪಟ್ಟಿಯಲ್ಲಿ ಅಪರೂಪ. ಯಾಕೆ ಎಂದು ಕೇಳಿದರೆ "ಅಲ್ಲಿಗೆ ನಮ್ಮವರು ಯಾರೂ ಹೋಗಿಲ್ಲ" ಎಂಬ ಉತ್ತರ! ಮಂಗಳೂರು, ಮೂಡುಬಿದಿರೆ, ಸುಳ್ಯ, ಬಂಟಕಲ್ಲು ಹೀಗೆ ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರಬಹುದಾದ ಕಾಲೇಜುಗಳು ಕರಾವಳಿಯಲ್ಲಿ ಬೇಕಾದಷ್ಟಿವೆ. ಹಾಸ್ಟೆಲ್ ಖರ್ಚು ಉಳಿಯುವ ಕಾಲೇಜನ್ನು ಪಟ್ಟಿಯ ಕೆಳಗಾದರೂ ಬರೆಯಬಾರದೇ? ಎಂಟು ಲಕ್ಷದೊಳಗಿನ ಆದಾಯದ ಮನೆಗಳಿಗೆ ಶೇ. 5ರ ಎಸ್‌ಎನ್‌ಕ್ಯೂ ಸೀಟುಗಳಿವೆ, ಅಲ್ಲಿ ಬೋಧನಾ ಶುಲ್ಕದಲ್ಲಿ ವಿನಾಯಿತಿ ಇದೆ. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ 'ಅರಿವು' ಶಿಕ್ಷಣ ಸಾಲವೂ ಇದೆ.

ವೈದ್ಯಕೀಯದ ಕನಸು ಕಾಣುವವರ ಪರಿಸ್ಥಿತಿ ಇನ್ನಷ್ಟು ಬಿಗಿ. ಅಲ್ಲಿ ನೀಟ್ ಅಂಕ ನೋಡಿ ಲೆಕ್ಕ ಹಾಕುವುದು ಅಪಾಯ. 2024ರಲ್ಲಿ ಮೊದಲು ಪ್ರಕಟವಾದ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720 ಬಂದಿತ್ತು. ಮರುವರ್ಷ 2025ರಲ್ಲಿ ಇಡೀ ದೇಶದಲ್ಲಿ ಅತಿ ಹೆಚ್ಚಿನ ಅಂಕವೇ 686. 2024ರಲ್ಲಿ 600 ಅಂಕ ಗಳಿಸಿ ನಿರಾಶರಾದವರಿದ್ದರೆ 2025ರಲ್ಲಿ ಅಷ್ಟೇ ಅಂಕದವರು ಸಂಭ್ರಮಿಸಿದರು. ಹೋಲಿಸಬೇಕಾದ್ದು ರ‍್ಯಾಂಕ್ ಮಾತ್ರ. ಒಂದೇ ವೈದ್ಯಕೀಯ ಕಾಲೇಜಿನ ಸರಕಾರಿ ಸೀಟು ಮತ್ತು ಖಾಸಗಿ ಸೀಟು ಆಯ್ಕೆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಬರುತ್ತವೆ ಎಂಬುದನ್ನೂ ಗಮನಿಸಿ. ಎರಡನೆಯದರ ಶುಲ್ಕ ವರ್ಷಕ್ಕೆ ಹತ್ತು ಲಕ್ಷ ದಾಟುತ್ತದೆ. ಕಣ್ತಪ್ಪಿನಿಂದ ಅದನ್ನು ಬರೆದು, ಕೊನೆಯ ಸುತ್ತಿನಲ್ಲಿ ಸೀಟು ಬಂದು, ಸೇರದೆ ಬಿಟ್ಟರೆ ದಂಡ ತೆರಬೇಕಾಗುತ್ತದೆ. ಎಂಬಿಬಿಎಸ್ ಸಿಗದಿದ್ದರೆ ಮತ್ತೊಂದು ವರ್ಷ ಮನೆಯಲ್ಲಿ ಕೂತು ಓದುವುದೊಂದೇ ದಾರಿ ಎಂದು ಮಕ್ಕಳು ನಂಬಿದ್ದಾರೆ. ಬಿಎಸ್ಸಿ ನರ್ಸಿಂಗ್, ಫಿಸಿಯೋಥೆರಪಿ, ಫಾರ್ಮಸಿ, ಪಶುವೈದ್ಯಕೀಯ, ಕೃಷಿ ಇವೆಲ್ಲವೂ ಪರೀಕ್ಷಾ ಪ್ರಾಧಿಕಾರದ ಮೂಲಕವೇ ಸಿಗುವ ಕೋರ್ಸುಗಳು. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು, ದೇಶದಲ್ಲೇ ಮೊದಲನೆಯದು. ನಮ್ಮ ಮನೆ ಬಾಗಿಲಲ್ಲೇ ಇರುವ ಈ ಕಾಲೇಜನ್ನು ಸಮುದ್ರ ತೀರದ ಮಕ್ಕಳೇ ಪಟ್ಟಿಯಲ್ಲಿ ಬರೆಯುವುದಿಲ್ಲ.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ದಾರಿ. ಸೀಟು ಒಪ್ಪಿ ಸೇರುವುದು ಮೊದಲನೆಯದು. ಸಿಕ್ಕಿದ್ದನ್ನು ಉಳಿಸಿಕೊಂಡು ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವುದಕ್ಕೆ ಕಾಯುವುದು ಎರಡನೆಯದು. ಸೀಟು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುವುದು ಮೂರನೆಯದು. ಪ್ರಕ್ರಿಯೆಯಿಂದಲೇ ಹೊರಬರುವುದು ನಾಲ್ಕನೆಯದು. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ತಿಳಿಯದೆ ಕೈಯಲ್ಲಿದ್ದ ಸೀಟನ್ನು ಕಳೆದುಕೊಳ್ಳುವವರಿದ್ದಾರೆ. ನಿಯಮಗಳಲ್ಲಿ ವರ್ಷ ವರ್ಷವೂ ಸಣ್ಣಪುಟ್ಟ ಬದಲಾವಣೆ ಆಗುವುದರಿಂದ ಅಣ್ಣ ಹೇಳಿದ್ದು, ಅಕ್ಕ ಮಾಡಿದ್ದು ಸಾಲದು. ಆ ವರ್ಷದ ಸೂಚನೆಯನ್ನೇ ಓದಬೇಕು. ಎರಡನೇ ಸುತ್ತಿನಲ್ಲಿ ಹೊಸ ಕಾಲೇಜು ಸೇರಿಸಬಹುದೆಂಬ ಭರವಸೆಯಲ್ಲಿ ಮೊದಲ ಪಟ್ಟಿಯನ್ನು ಚಿಕ್ಕದಾಗಿಸಬೇಡಿ.

ಈ ಎಲ್ಲ ಜಾಗ್ರತೆಗೆ ಇನ್ನೊಂದು ಕಾರಣವೂ ಇದೆ. 2024ರ ಕೊನೆಯಲ್ಲಿ, ಸೀಟು ಪಡೆದೂ ಕಾಲೇಜಿಗೆ ಸೇರದ ಎರಡು ಸಾವಿರಕ್ಕೂ ಹೆಚ್ಚು ಎಂಜಿನಿಯರಿಂಗ್ ಅಭ್ಯರ್ಥಿಗಳಿಗೆ ಪ್ರಾಧಿಕಾರ ನೋಟಿಸು ಕೊಟ್ಟಿತು. ತನಿಖೆ ನಡೆಸಿದ ಬೆಂಗಳೂರು ಪೊಲೀಸರು ಹಲವರನ್ನು ಬಂಧಿಸಿದರು, ಬಂಧಿತರಲ್ಲಿ ಪ್ರಾಧಿಕಾರದ ಸಿಬ್ಬಂದಿಯೂ ಇದ್ದರು. ಸೇರುವ ಉದ್ದೇಶವಿಲ್ಲದ ವಿದ್ಯಾರ್ಥಿಗಳ ಲಾಗಿನ್ ವಿವರ ಬಳಸಿ ಬೇಡಿಕೆಯ ಸೀಟುಗಳನ್ನು ಹಿಡಿದಿಡುವುದು, ಕೊನೆಗೆ ಖಾಲಿ ಉಳಿದ ಸೀಟುಗಳು ಆಡಳಿತ ಮಂಡಳಿಯ ಪಾಲಾಗುವಂತೆ ನೋಡಿಕೊಳ್ಳುವುದು ಇದರ ವಿಧಾನ ಎಂಬುದು ಪೊಲೀಸರ ಆರೋಪ. ಹೀಗೆ ಹಿಡಿದಿಟ್ಟ ಒಂದೊಂದು ಸೀಟಿನಿಂದಲೂ ಒಬ್ಬ ಪ್ರಾಮಾಣಿಕ ವಿದ್ಯಾರ್ಥಿ ಪಟ್ಟಿಯಲ್ಲಿ ಒಂದು ಸಾಲು ಕೆಳಗೆ ಜಾರುತ್ತಾನೆ. ಕೆಳಗೆ ಸಾಲೇ ಇಲ್ಲದವನು ಹೊರಗೆ ಬೀಳುತ್ತಾನೆ. ಪಾಸ್‌ವರ್ಡ್ ಮತ್ತು ಒಟಿಪಿಯನ್ನು ಏಜೆಂಟರಿಗಾಗಲಿ, ಪರಿಚಯದ ಸೈಬರ್ ಸೆಂಟರಿನವರಿಗಾಗಲಿ ಕೊಟ್ಟು ಬರಬೇಡಿ. ಮೊಬೈಲ್ ಸಂಖ್ಯೆ ಮನೆಯವರದ್ದೇ ಆಗಿರಲಿ.

ಧರ್ಮಕೇಂದ್ರಗಳಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಸನ್ಮಾನ ಮಾಡುವ ಸಂಪ್ರದಾಯವಿದೆ, ಒಳ್ಳೆಯದೇ. ಅದರ ಜೊತೆಗೆ ಅಣಕು ಸೀಟು ಹಂಚಿಕೆಯ ಫಲಿತಾಂಶ ಬರುವ ವಾರದಲ್ಲಿ ಒಂದು ಸಂಜೆ ಸಭಾಭವನದ ಬಾಗಿಲು ತೆರೆದಿಡಬಹುದು. ನಮ್ಮ ಯುವಜನರಲ್ಲಿ ಈಗಾಗಲೇ ಎಂಜಿನಿಯರಿಂಗ್, ನರ್ಸಿಂಗ್ ಕಲಿಯುತ್ತಿರುವವರು ಪ್ರತಿ ವಾಳೆಯಲ್ಲೂ ಇದ್ದಾರೆ. ಅವರು ಒಂದೆರಡು ಲ್ಯಾಪ್‌ಟಾಪ್, ಮೂರು ವರ್ಷದ ಕಟ್-ಆಫ್ ಪಟ್ಟಿಯ ಮುದ್ರಿತ ಪ್ರತಿ ಹಿಡಿದು ಕುಳಿತರೆ ಸಾಕು. ಅಣಕು ಹಂಚಿಕೆಯಲ್ಲಿ ಏನೂ ಸಿಗದ ಮಗುವಿಗೆ ಪಟ್ಟಿ ತಿದ್ದಲು ಉಳಿಯುವುದು ಎರಡು ಮೂರು ದಿನ ಮಾತ್ರ. ಆ ದಿನಗಳಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: "ಈ ಕೊನೆಯ ಕಾಲೇಜೇ ಸಿಕ್ಕಿದರೆ ನೀನು ಹೋಗುತ್ತೀಯಾ?" ಇಲ್ಲ ಎಂದರೆ ಅದನ್ನು ಅಳಿಸಿ, ಹೋಗುತ್ತೇನೆ ಎನ್ನುವ ಮತ್ತೊಂದನ್ನು ಹುಡುಕಿ ಬರೆಯಬೇಕು.