ಕಿವಿಮಾತು: ತಲೆಯ ಮೇಲೆ ಎಷ್ಟು ಗ್ರಾಂ ಸಂಗೀತ?

ಒಂದು ಬೆಡ್‌ರೂಮಿನ ಮನೆಯಲ್ಲಿ ಸಂಗೀತ ಕೇಳಬೇಕೆಂದರೆ ಮೊದಲು ಮನೆಯವರನ್ನು ಕೇಳಬೇಕು. ಹಾಲ್‌ನಲ್ಲಿ ಟಿವಿ ಧಾರಾವಾಹಿ ನಡೆದಿರುತ್ತದೆ. ಅದೇ ಹಾಲ್‌ನ ಮೂಲೆಯಲ್ಲಿ ಮಗಳ ಹತ್ತನೇ ಕ್ಲಾಸಿನ ಪುಸ್ತಕಗಳು ಹರಡಿರುತ್ತವೆ. ಗೋಡೆಯ ಆಚೆಗೆ ಪಕ್ಕದ ಮನೆಯವರು ರಾತ್ರಿ ಪಾಳಿ ಮುಗಿಸಿ ಮಲಗಿರುತ್ತಾರೆ. ಊರಿನ ಪಡಸಾಲೆಯಲ್ಲಿ ರೇಡಿಯೊ ಹಚ್ಚಿ ಇಡೀ ಓಣಿಗೆ ಹಾಡು ಕೇಳಿಸಿದ ನಮ್ಮಂಥವರಿಗೆ ಮುಂಬಯಿ, ಪುಣೆ, ಚೆನ್ನೈಗಳಲ್ಲಿ ಉಳಿದಿರುವ ಸಂಗೀತದ ಕೋಣೆ ಒಂದೇ, ಅದು ಹೆಡ್‌ಫೋನ್.

ಹಾಗಾಗಿ ಗೆಳೆಯರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆಯೂ ಅದೇ: "30–40 ಸಾವಿರ ಖರ್ಚು ಮಾಡಿ ಒಂದು ಒಳ್ಳೆಯ ಹೆಡ್‌ಫೋನ್ ತಗೋಬೇಕು ಅಂತಿದ್ದೀನಿ. ಯಾವುದರ ಸೌಂಡ್ ಚೆನ್ನಾಗಿದೆ?" ಬಾಡಿಗೆ, ಮಕ್ಕಳ ಫೀಸು, ಊರಿಗೆ ಕಳಿಸುವ ಹಣ ಎಲ್ಲ ಕಳೆದು ಉಳಿದ ದುಡ್ಡಿನಲ್ಲಿ ಅದು ಸಣ್ಣ ಮೊತ್ತವಲ್ಲ. ಈ ತಿಂಗಳು ಅದಕ್ಕೆ ಸರಿಯಾದ ಉತ್ತರ ಕೊಡೋಣವೆಂದು ಐದು ಹೆಡ್‌ಫೋನ್‌ಗಳನ್ನು ಮೂರು ವಾರ ಅದಲು ಬದಲು ಮಾಡಿ ಕೇಳಿದೆ. ಒಂದು ನನ್ನದು, ಉಳಿದವು ಗೆಳೆಯರಿಂದ ಎರವಲು ತಂದವು. ತಂತಿ ಇರುವವು ಮೂರು: ಸೆನ್‌ಹೈಸರ್ ಎಚ್‌ಡಿ 600, ಅದೇ ಕಂಪನಿಯ ಎಚ್‌ಡಿ 800 ಎಸ್, ಆಡೀಜ್ ಎಲ್‌ಸಿಡಿ-ಎಕ್ಸ್. ತಂತಿ ಇಲ್ಲದವು ಎರಡು: ಸೋನಿ ಡಬ್ಲ್ಯುಎಚ್-1000ಎಕ್ಸ್‌ಎಂ5 ಮತ್ತು ಆ್ಯಪಲ್ ಏರ್‌ಪಾಡ್ಸ್ ಮ್ಯಾಕ್ಸ್. ಇವುಗಳ ಬೆಲೆ ಒಂದೇ ಮಟ್ಟದ್ದಲ್ಲ. ಕೆಲವು 30–40 ಸಾವಿರದ ಲೆಕ್ಕವನ್ನು ಎಷ್ಟೋ ಮೀರುತ್ತವೆ. ಹೆಚ್ಚು ದುಡ್ಡಿಗೆ ಹೆಚ್ಚು ಏನು ಸಿಗುತ್ತದೆ ಎಂಬುದೂ ತಿಳಿಯಲಿ ಎಂದೇ ಅವನ್ನು ಸೇರಿಸಿಕೊಂಡೆ.

ಹೋಲಿಸುವ ಮುನ್ನ ಒಂದು ನಿಯಮ. ಎರಡನ್ನೂ ಒಂದೇ ಮಟ್ಟದ ವಾಲ್ಯೂಮಿನಲ್ಲಿ ಕೇಳಬೇಕು. ಮನುಷ್ಯನ ಕಿವಿ ಸಣ್ಣ ಸದ್ದಿನಲ್ಲಿ ಕೆಳಗಿನ ಸ್ವರಗಳನ್ನು ಕಡಿಮೆ ಗ್ರಹಿಸುತ್ತದೆ, ಸದ್ದು ಏರಿದಂತೆ ಬಾಸ್ ತುಂಬಿಕೊಳ್ಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಆದ್ದರಿಂದ ಕೊಂಚವೇ ಜೋರಾಗಿರುವ ಹೆಡ್‌ಫೋನ್ ಯಾವಾಗಲೂ 'ಚೆನ್ನಾಗಿದೆ' ಅನ್ನಿಸುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಕೇಳಿ ತೀರ್ಮಾನ ಮಾಡುವವರು ಮೋಸ ಹೋಗುವುದು ಇಲ್ಲಿಯೇ.

ಕೇಳಿದ್ದು ನಾಲ್ಕು ಬಗೆ: ಬರೀ ತಂಬೂರಿ, ಭೀಮಸೇನ ಜೋಶಿಯವರ ಒಂದು ದೀರ್ಘ ವಿಲಂಬಿತ ಖ್ಯಾಲ್, ಹೆಣ್ಣು ದನಿಯ ಒಂದು ಭಾವಗೀತೆ, ಯಕ್ಷಗಾನದ ಚಂಡೆ. ಹೆಡ್‌ಫೋನಿನ ಗುಣದೋಷ ಹೇಳಲು ಇಷ್ಟು ಸಾಕು. ತಂಬೂರಿಯ ಜವಾರಿಯಲ್ಲಿ ಸೂಕ್ಷ್ಮ ಸ್ವರಗಳ ಗುಂಪೇ ಇದೆ. ತಬಲಾದ ಡಗ್ಗಾದಲ್ಲಿ ಬಾಸ್ ಗೊತ್ತಾಗುತ್ತದೆ. ಮೇಲಿನ ಸ್ವರಗಳನ್ನು ಅತಿಯಾಗಿ ಎತ್ತಿ ತೋರಿಸುವ ಹೆಡ್‌ಫೋನಿನಲ್ಲಿ ಚಂಡೆ ಐದು ನಿಮಿಷಕ್ಕೇ ತಲೆಗೆ ಬಡಿಯುತ್ತದೆ.

ಮೊದಲು ನಾದದ ಮಾತು. ಎಚ್‌ಡಿ 600 ಮಾರುಕಟ್ಟೆಗೆ ಬಂದದ್ದು 1997ರಲ್ಲಿ, ಇಂದಿಗೂ ತಯಾರಾಗುತ್ತಿದೆ. ಅದರ ಹೊರಬದಿಯಲ್ಲಿ ಜಾಲರಿ ಇದೆ, ಗಾಳಿಯೂ ಸದ್ದೂ ಆಡುತ್ತವೆ. ಇದನ್ನು ಓಪನ್ ಬ್ಯಾಕ್ ಅನ್ನುತ್ತಾರೆ. ಮನುಷ್ಯರ ದನಿಯಲ್ಲಿ ಇದು ಬಹಳ ಪ್ರಾಮಾಣಿಕ. ಭೀಮಸೇನರು ಉಸಿರು ಎಳೆದುಕೊಳ್ಳುವುದು, ಷಡ್ಜಕ್ಕೆ ಬಂದು ನಿಲ್ಲುವುದು ಬಣ್ಣ ಬಳಿಯದೆ ಬರುತ್ತವೆ. ಆದರೆ ಇದರ ಪ್ರತಿರೋಧ 300 ಓಮ್. ಫೋನಿನಿಂದ ನೇರವಾಗಿ ಕೇಳಿದರೆ ಸೊರಗಿದಂತಿರುತ್ತದೆ. ಒಂದು ಪುಟ್ಟ ಆಂಪ್ಲಿಫೈಯರ್ ಬೇಕು, ಅದರ ಖರ್ಚನ್ನೂ ಸೇರಿಸಿಕೊಳ್ಳಿ.

ಎಚ್‌ಡಿ 800 ಎಸ್ ಕೂಡ ಓಪನ್ ಬ್ಯಾಕ್, ಅದೂ 300 ಓಮ್. ಅದರ ಕಪ್ಪು ಎಷ್ಟು ದೊಡ್ಡದೆಂದರೆ ಕಿವಿ ಎಲ್ಲಿಯೂ ತಗಲುವುದಿಲ್ಲ. ಸದ್ದು ಹುಟ್ಟಿಸುವ 56 ಮಿಲಿಮೀಟರಿನ ಡ್ರೈವರ್ ಕಿವಿಯಿಂದ ದೂರದಲ್ಲಿ, ಓರೆಯಾಗಿ ಕೂತಿದೆ. ಹಾಗಾಗಿ ತಂಬೂರಿ ತಲೆಯೊಳಗೆ ನುಡಿಯುವ ಬದಲು ಎದುರಿನ ಜಮಖಾನೆಯ ಮೇಲೆ ನುಡಿದಂತೆ ಕೇಳಿಸುತ್ತದೆ. ಎಲ್‌ಸಿಡಿ-ಎಕ್ಸ್‌ನ ದಾರಿ ಬೇರೆ. ಅದು ಪ್ಲೇನಾರ್ ಜಾತಿಯದು. ತೆಳುವಾದ ಹಾಳೆಯ ಮೇಲೆ ವಿದ್ಯುತ್ತಿನ ಗೆರೆಗಳು, ಹಾಳೆಯ ಬಳಿಯೇ ಸಾಲು ಅಯಸ್ಕಾಂತಗಳು. ಡಗ್ಗಾದ ಮೇಲೆ ಅಂಗೈ ಒತ್ತಿ ಎಳೆಯುವ ನಾದ ಐದರಲ್ಲಿ ಅತ್ಯಂತ ಸ್ಪಷ್ಟವಾಗಿ ಕೇಳಿದ್ದು ಇದರಲ್ಲೇ. ತಂತಿ ಇಲ್ಲದ ಎರಡರಲ್ಲಿ ಸೋನಿಯದು ಬಾಸನ್ನು ತುಸು ಮುಂದೆ ತರುತ್ತದೆ. ಆ್ಯಪ್‌ನಲ್ಲಿ ಇಳಿಸಿಕೊಂಡರೆ ಗಾಯಕರಿಗೆ ಜಾಗ ಸಿಗುತ್ತದೆ. ಏರ್‌ಪಾಡ್ಸ್ ಮ್ಯಾಕ್ಸ್ ಹೊಂದಿಸುವ ಗೋಜಿಲ್ಲದೆ ಅಚ್ಚುಕಟ್ಟು.

ಇನ್ನು ಸೌಖ್ಯದ ಮಾತು. 1979ರಲ್ಲಿ ಬಂದ ಸೋನಿ ವಾಕ್‌ಮನ್ ಜತೆಗಿದ್ದ ಹೆಡ್‌ಫೋನ್ ಸುಮಾರು 50 ಗ್ರಾಂ ಇತ್ತು. ಈಗ ತಕ್ಕಡಿಯ ಲೆಕ್ಕ ನೋಡಿ: ಸೋನಿ 250 ಗ್ರಾಂ, ಎಚ್‌ಡಿ 600 ಸುಮಾರು 260, ಎಚ್‌ಡಿ 800 ಎಸ್ 330, ಏರ್‌ಪಾಡ್ಸ್ ಮ್ಯಾಕ್ಸ್ 385ರ ಹತ್ತಿರ, ಎಲ್‌ಸಿಡಿ-ಎಕ್ಸ್ 612. ಬೆಳಿಗ್ಗೆ ಬಾಗಿಲಿಗೆ ಬರುವ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿಗಿಂತ ಕೊನೆಯದು ಭಾರ. ಅಷ್ಟೊಂದು ಅಯಸ್ಕಾಂತ ಇದ್ದರೆ ತೂಕ ತಪ್ಪಿದ್ದಲ್ಲ.

ಆದರೆ ತೂಕವೊಂದೇ ಅಳತೆಯಲ್ಲ, ಅದು ಎಲ್ಲಿ ಕೂರುತ್ತದೆ ಎಂಬುದು ಮುಖ್ಯ. ಹಿಡಿತ ಸಡಿಲವಿದ್ದರೆ ಭಾರವೆಲ್ಲ ನೆತ್ತಿಯ ಮೇಲೆ, ಬಿಗಿಯಿದ್ದರೆ ದವಡೆಯ ಮೇಲೆ. ಎಚ್‌ಡಿ 600 ಹಗುರ, ಆದರೆ ಹೊಸದರಲ್ಲಿ ಹಿಡಿತ ಬಿಗಿ, ತಿಂಗಳುಗಳು ಕಳೆದಂತೆ ಸಡಿಲವಾಗುತ್ತದೆ. ಏರ್‌ಪಾಡ್ಸ್ ಮ್ಯಾಕ್ಸ್‌ನಲ್ಲಿ ನೆತ್ತಿಯ ಮೇಲೆ ಜಾಲಿಯ ಬಟ್ಟೆ ಹಾಸಿ ಭಾರವನ್ನು ಹಂಚಿದ್ದಾರೆ.

ಕನ್ನಡಕದವರು ಇಲ್ಲಿ ಎಚ್ಚರದಿಂದ ಓದಿ. ಕನ್ನಡಕದ ಕಡ್ಡಿ ಮೆತ್ತೆಗೂ ತಲೆಗೂ ನಡುವೆ ಸಣ್ಣ ಸಂದು ಮಾಡುತ್ತದೆ. ಮುಚ್ಚಿದ ಕಪ್ಪಿನ ಹೆಡ್‌ಫೋನಿನಲ್ಲಿ ಆ ಸಂದಿನಿಂದ ಮೊದಲು ಸೋರುವುದು ಬಾಸ್. ಬೇರೆಯವರು ಹೊಗಳಿದ ಹೆಡ್‌ಫೋನ್ ನಿಮಗೆ ಸಪ್ಪೆ ಅನ್ನಿಸಿದರೆ ನಿಮ್ಮ ಕಿವಿಯನ್ನು ಬೈಯಬೇಡಿ, ಕನ್ನಡಕ ತೆಗೆದು ಮತ್ತೊಮ್ಮೆ ಕೇಳಿ. ಮೆತ್ತೆ ಹಳತಾಗಿ ಚಪ್ಪಟೆಯಾದರೂ ಹೀಗೇ, ಕಿವಿ ಡ್ರೈವರಿಗೆ ಹತ್ತಿರವಾಗಿ ನಾದವೇ ಬದಲಾಗುತ್ತದೆ. ನಮ್ಮ ಕರಾವಳಿ ನಗರಗಳ ಸೆಕೆಗೆ ಕೃತಕ ಚರ್ಮದ ಮೆತ್ತೆ ಬೆವರು ಕುಡಿದು ಸಿಪ್ಪೆ ಏಳುತ್ತದೆ. ವೆಲ್ವೆಟ್ ತರಹದ ಬಟ್ಟೆಯದು ಗಾಳಿಯಾಡುತ್ತದೆ. ಕೊಳ್ಳುವಾಗಲೇ ಬದಲಿ ಮೆತ್ತೆ ಸಿಗುತ್ತದೆಯೇ ಎಂದು ವಿಚಾರಿಸಿ. ಮೂರು ವಾರದಲ್ಲಿ ನನಗೆ ಮನದಟ್ಟಾದದ್ದು ಇದು: ನಾದ ಒಂದು, ಸೌಖ್ಯ ಇನ್ನೊಂದು ಎಂದು ಎರಡು ಕಾಲಂ ಮಾಡಿ ಅಂಕ ಕೊಡುವುದರಲ್ಲಿ ಅರ್ಥವಿಲ್ಲ. ತಲೆಯ ಮೇಲೆ ಸರಿಯಾಗಿ ಕೂರದ ಹೆಡ್‌ಫೋನ್ ಸರಿಯಾಗಿ ನುಡಿಯುವುದೂ ಇಲ್ಲ.

ಮನೆಯ ವಿಚಾರವೂ ಇದೆ. ನಾದದಲ್ಲಿ ಗೆದ್ದ ಮೂರೂ ಓಪನ್ ಬ್ಯಾಕ್. ಅವು ಸದ್ದನ್ನು ಒಳಗೆ ಬಿಡುವಷ್ಟೇ ಧಾರಾಳವಾಗಿ ಹೊರಗೂ ಬಿಡುತ್ತವೆ. ರಾತ್ರಿ ಹನ್ನೊಂದಕ್ಕೆ ಎಚ್‌ಡಿ 800 ಎಸ್ ಹಾಕಿಕೊಂಡು ಕೂತಿದ್ದೆ. ಧಾರವಾಡದ ನನ್ನ ಹೆಂಡತಿ ಮಗ್ಗುಲು ಬದಲಿಸಿ, "ನಿಮ್ಮ ತಂಬೂರಿ ನನ್ನ ದಿಂಬಿನ ತನಕಾ ಬಂದದ ನೋಡ್ರಿ" ಅಂದಳು. ಬೇರೆ ಕೋಣೆ ಇರುವವರಿಗೆ ಅದು ಶ್ರೇಷ್ಠ ಹೆಡ್‌ಫೋನ್. ಒಂದೇ ಕೋಣೆಯಲ್ಲಿ ಇಬ್ಬರು ಮೂವರು ಮಲಗುವ ಮನೆಗೆ ಮುಚ್ಚಿದ ಕಪ್ಪಿನದೇ ಸರಿ.

ಲೋಕಲ್ ಟ್ರೇನಿನಲ್ಲಂತೂ ಓಪನ್ ಬ್ಯಾಕ್ ಪ್ರಯೋಜನವಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಹೊರಗಿನ ಸದ್ದನ್ನು ಕತ್ತರಿಸುವ ನಾಯ್ಸ್ ಕ್ಯಾನ್ಸಲೇಶನ್. ಬಂಗಾಳಿ ತಂದೆಯ ಮಗ, ಅಮೆರಿಕದ ಅಮರ್ ಬೋಸ್‌ಗೆ ಇದರ ಯೋಚನೆ ಹೊಳೆದದ್ದು 1978ರಲ್ಲಿ, ವಿಮಾನ ಪ್ರಯಾಣದಲ್ಲಿ. ಹೊರಗಿನ ಸದ್ದನ್ನು ಮೈಕ್ ಹಿಡಿಯುತ್ತದೆ, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಹೆಡ್‌ಫೋನ್ ಹುಟ್ಟಿಸುತ್ತದೆ, ಎರಡೂ ಸೇರಿ ಅಡಗುತ್ತವೆ. ಎಂಜಿನ್ನಿನ ಗುಂಯ್‌ಗುಡುವಿಕೆ, ಎಸಿಯ ಮೊರೆತದಂಥ ಒಂದೇ ಸಮನೆಯ ಕೆಳದನಿಗೆ ಇದು ಚೆನ್ನಾಗಿ ನಾಟುತ್ತದೆ. ಪಕ್ಕದವರ ಮಾತಿಗೆ, ಹಾರ್ನಿಗೆ ಅಷ್ಟು ನಾಟುವುದಿಲ್ಲ.

ಇದನ್ನು ಬರೀ ಶೋಕಿ ಅನ್ನಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬಲ್ ಏರಿದಂತೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 90 ಡೆಸಿಬಲ್‌ನಲ್ಲಿ ಉಳಿಯುವುದು ವಾರಕ್ಕೆ ಸುಮಾರು 4 ಗಂಟೆ. ಡೊಂಬಿವಲಿಯಿಂದ ದಕ್ಷಿಣ ಮುಂಬಯಿಗೆ ದಿನಾ ಹೋಗಿ ಬರುವವರಿಗೆ ಅದು ಎರಡು ದಿನದ ಪ್ರಯಾಣಕ್ಕೂ ಸಾಲದು. ನಮ್ಮ ಬಿಲ್ಡಿಂಗಿನ ಹಿರಿಯರೊಬ್ಬರು ಇಪ್ಪತ್ತು ವರ್ಷ ಟ್ರೇನಿನ ಸದ್ದನ್ನು ಮೀರಿಸಲು ಇಯರ್‌ಫೋನಿನಲ್ಲಿ ಜೋರಾಗಿ ಹಾಡು ಕೇಳಿದವರು. ಈಗ ರಾತ್ರಿ ಮನೆ ನಿಶ್ಶಬ್ದವಾದ ಕೂಡಲೇ ಅವರ ಕಿವಿಯಲ್ಲಿ ಜೀರುಂಡೆ ಶುರುವಾಗುತ್ತದೆ. ಕಿವಿಯ ಒಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. "ಮೊದಲಾದರೆ ತಂಬೂರಿ ನಿಂತ ಮೇಲಿನ ಮೌನವೂ ಹಿತವಾಗಿತ್ತು ಮಾರಾಯ್ರೆ, ಈಗ ಅದೇ ಇಲ್ಲ" ಎಂದು ಅವರು ಹೇಳಿದ್ದು ನನ್ನನ್ನು ಬಿಟ್ಟಿಲ್ಲ. ಹೊರಗಿನ ಗದ್ದಲ ತಗ್ಗಿಸಿ, ವಾಲ್ಯೂಮನ್ನು ಅರ್ಧಕ್ಕೆ ಇಳಿಸಲು ಬಿಡುವ ಹೆಡ್‌ಫೋನ್ ನಿಮ್ಮ ಮುಂದಿನ ಇಪ್ಪತ್ತು ವರ್ಷದ ಸಂಗೀತವನ್ನು ಕಾಯುತ್ತದೆ. ರಸ್ತೆ ದಾಟುವಾಗ, ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಮಾತ್ರ ದಯವಿಟ್ಟು ಅದನ್ನು ಕುತ್ತಿಗೆಗೆ ಇಳಿಸಿ.

ಹಾಗಾದರೆ ದುಡ್ಡು ಹೆಚ್ಚಾದಷ್ಟೂ ನಾದ ಹೆಚ್ಚೇ? 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 283 ಹೆಡ್‌ಫೋನ್‌ಗಳನ್ನು ಅಳೆದಾಗ, ಅವು ಸ್ವರಗಳನ್ನು ನುಡಿಸುವ ಸಮತೋಲಕ್ಕೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಹೆಚ್ಚಿನ ದುಡ್ಡಿಗೆ ಸಿಗುವುದು ಬಹುಪಾಲು ಲೋಹ, ಮೆತ್ತೆ, ಬಾಳಿಕೆ, ಹೆಸರು.

ನನ್ನ ಶಿಫಾರಸು ಹೀಗಿದೆ. ದಿನಾ ಟ್ರೇನು, ಆಫೀಸು, ರಾತ್ರಿ ಹಂಚಿಕೊಂಡ ಕೋಣೆ ಎನ್ನುವವರಿಗೆ ಸೋನಿಯಂಥ ಹಗುರವಾದ, ಮುಚ್ಚಿದ ಹೆಡ್‌ಫೋನ್. ಮನೆಯಲ್ಲಿ ಒಂಟಿಯಾಗಿ ಕೂರಲು ಒಂದು ಮೂಲೆ ಇದ್ದು, ಗಾಯನವೇ ಪ್ರಾಣ ಎನ್ನುವವರಿಗೆ ಎಚ್‌ಡಿ 600 ಮತ್ತು ಪುಟ್ಟ ಆಂಪ್ಲಿಫೈಯರ್. ಅದಕ್ಕಿಂತ ಮೇಲಿನದು ಬೇಕೇ ಬೇಕು ಅನ್ನುವವರು ಮೊದಲು ಒಂದು ವಾರ ಎರವಲು ತಂದು ನೋಡಿ.

ಅಂಗಡಿಗೆ ಹೋಗುವಾಗ ಕನ್ನಡಕ ಹಾಕಿಕೊಂಡೇ ಹೋಗಿ. ನಿಮಗೆ ಬಾಯಿಪಾಠವಾಗಿರುವ ಅರ್ಧ ಗಂಟೆಯ ಒಂದು ರಾಗವನ್ನು ಸಣ್ಣ ವಾಲ್ಯೂಮಿನಲ್ಲಿ ಪೂರ್ತಿ ಕೇಳಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ, ದುಡ್ಡು ನಿಮ್ಮದು. ದ್ರುತ್ ಬರುವ ಹೊತ್ತಿಗೆ ನಿಮ್ಮ ಕೈ ಒಮ್ಮೆಯೂ ಹೆಡ್‌ಫೋನನ್ನು ಸರಿಪಡಿಸಲು ಹೋಗದಿದ್ದರೆ ಅದನ್ನೇ ಕಟ್ಟಿಸಿಕೊಳ್ಳಿ. ಚೆನ್ನೈ, ಹೈದರಾಬಾದಿನ ಓದುಗರೇ, ನಿಮ್ಮ ಊರಿನ ಸೆಕೆಯಲ್ಲಿ ಯಾವ ಮೆತ್ತೆ ಎಷ್ಟು ವರ್ಷ ಬಾಳಿತು ಎಂದು ಬರೆದು ತಿಳಿಸಿ. ಮುಂದಿನ ಕಂತಿನಲ್ಲಿ ಅದನ್ನು ಎಲ್ಲರಿಗೂ ಹಂಚೋಣ.