ಹರಳಿನ ದರ್ಜೆ ಬರೆಯುವವರು ಯಾರು?

ಕಿರಾಣಿ ಅಂಗಡಿಯವನ ತಕ್ಕಡಿಗೂ ತೂಕದ ಬಟ್ಟುಗಳಿಗೂ ಸರಕಾರದ ಮುದ್ರೆ ಬೇಕು. ಮುದ್ರೆ ಇಲ್ಲದಿದ್ದರೆ ಇನ್‌ಸ್ಪೆಕ್ಟರು ಬಂದು ದಂಡ ಹಾಕುತ್ತಾನೆ. ಅದು ಬೇಡವೆಂದು ನಾವು ಹೇಳುವುದಿಲ್ಲ. ಬಡವನ ಬೇಳೆ ಸರಿಯಾಗಿಯೇ ತೂಗಬೇಕು. ಚಿನ್ನಕ್ಕೂ 2021ರಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. ಆದರೆ ಆ ಚಿನ್ನದಲ್ಲಿ ಕೂಡಿಸಿದ ವಜ್ರ ಉತ್ತಮವೋ ಮಧ್ಯಮವೋ ಎಂದು ಬರೆಯುವವರ ಕಣ್ಣಿಗೆ ಯಾವ ಸರಕಾರದ ಮುದ್ರೆ ಇದೆ?

ತೂಕದ ಮಾತು ಬೇರೆ. ಒಂದು ಕ್ಯಾರೆಟ್ಟು ಎಂದರೆ 200 ಮಿಲಿಗ್ರಾಂ. ಯಾರು ತೂಗಿದರೂ ಅಷ್ಟೇ. ಬಣ್ಣಕ್ಕೆ, ಸ್ವಚ್ಛತೆಗೆ, ಅಂದಕ್ಕೆ ತಕ್ಕಡಿ ಎಲ್ಲಿದೆ? ಅಮೆರಿಕದ ಜೆಮಲಾಜಿಕಲ್ ಇನ್‌ಸ್ಟಿಟ್ಯೂಟು 1955ರಿಂದ ವಜ್ರಕ್ಕೆ ದರ್ಜೆಯ ಸರ್ಟಿಫಿಕೇಟು ಕೊಡುತ್ತಿದೆ. ಬಣ್ಣಕ್ಕೆ ಡಿ ಇಂದ ಜೆಡ್‌ವರೆಗೆ 23 ಅಕ್ಷರ, ಸ್ವಚ್ಛತೆಗೆ 11 ಮೆಟ್ಟಿಲು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನುರಿತವನು ನೋಡಿ ತೀರ್ಮಾನಿಸುತ್ತಾನೆ. ನುರಿತ ಕಣ್ಣನ್ನು ನಾವು ಹಳಿಯುವವರಲ್ಲ; ನೂಲು ಮುಟ್ಟಿ ನಂಬರು ಹೇಳುವ ಸಂಗಾತಿಗಳು ನಮ್ಮಲ್ಲೂ ಉಂಟು. ಆದರೆ ಇಲ್ಲಿ ಕಣ್ಣು ಒಂದು ಮೆಟ್ಟಿಲು ಆಚೀಚೆ ಆದರೆ ಹಣ ಸಾವಿರಗಟ್ಟಲೆ ಆಚೀಚೆ ಆಗುತ್ತದೆ. 2005ರಲ್ಲಿ, ದರ್ಜೆ ಏರಿಸಲು ಲಂಚ ಕೊಟ್ಟರೆಂಬ ಆರೋಪ ಕೋರ್ಟು ಹತ್ತಿತು. ಅದೇ ವರ್ಷ ಆ ಸಂಸ್ಥೆ ತನ್ನ ನಾಲ್ವರು ನೌಕರರನ್ನು ವಜಾ ಮಾಡಿತು.

ಇನ್ನೂ ಸ್ವಾರಸ್ಯ ಕೇಳಿ. ಬಿಳಿ ವಜ್ರದಲ್ಲಿ ಹಳದಿ ಚೂರು ಕಂಡರೆ ದರ್ಜೆ ಇಳಿಯುತ್ತದೆ. ಅದೇ ಹಳದಿ ದಟ್ಟವಾಗಿ ಜೆಡ್ ದಾಟಿತೋ, 'ಫ್ಯಾನ್ಸಿ' ಎಂಬ ಹೆಸರು ಬಂದು ಬೆಲೆ ಮತ್ತೆ ಏರುತ್ತದೆ! ಆಸ್ಟ್ರೇಲಿಯಾದ ಆರ್ಗೈಲ್ ಗಣಿ 1983ರಿಂದ 2020ರವರೆಗೆ ನಡೆಯಿತು. ಅಲ್ಲಿ ಸಿಕ್ಕಿದ್ದು ಬಹುಪಾಲು ಕಂದು ವಜ್ರ. ಕಂದೆಂದರೆ ಯಂತ್ರಕ್ಕೆ ಲಾಯಕ್ಕು, ಒಡವೆಗಲ್ಲ ಎನ್ನುತ್ತಿದ್ದ ಪೇಟೆಯಲ್ಲಿ ಗಣಿಯ ಧಣಿಗಳು ಅದಕ್ಕೆ 'ಶಾಂಪೇನ್', 'ಕಾನ್ಯಾಕ್' ಎಂದು ಮದ್ಯದ ಹೆಸರಿಟ್ಟು ಮಾರಿದರು. ಕಲ್ಲು ಮೊದಲಿನದೇ, ಬದಲಾದದ್ದು ಚೀಟಿ. ಸೂರತ್ತಿನಲ್ಲಿ ವಜ್ರಕ್ಕೆ ಸಾಣೆ ಹಿಡಿಯುವವನಿಗೋ ನಗಕ್ಕಿಷ್ಟು ಎಂಬ ಕೂಲಿ; ಹೆಸರಿನಿಂದ ಹುಟ್ಟಿದ ಲಾಭದಲ್ಲಿ ಅವನಿಗೆ ಪಾಲಿಲ್ಲ.

ಇದು ಪರದೇಶದ ಪಿಡುಗೆಂದು ಪುರಾತನ ವೈಭವದ ಮಹಾಶಯರು ಬೀಗಬೇಕಾಗಿಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆ ಬಿಳಿ ವಜ್ರವನ್ನು ಬ್ರಾಹ್ಮಣನಿಗೆ, ಕಪ್ಪು ಛಾಯೆಯದನ್ನು ಶೂದ್ರನಿಗೆ ಹಂಚಿಕೊಟ್ಟಿದೆ. ಮನುಷ್ಯರಿಗೆ ಕಟ್ಟಿದ ಮೆಟ್ಟಿಲನ್ನೇ ಕಲ್ಲಿಗೂ ಕಟ್ಟಿದರು.

ಶ್ರೀಮಂತರ ಒಡವೆಯ ಗೊಡವೆ ನಮಗೇಕೆ ಎನ್ನುವಿರಾ? ಮಗಳ ಮದುವೆಗೆ ಒಂದು ಜೊತೆ ಓಲೆ ಕೊಳ್ಳುವಾಗ ಹರಳಿನ ಬೆಲೆಯನ್ನೂ ತೆತ್ತೇ ಬರುತ್ತೀರಿ. ಮಿಲ್ಲಿಗೆ ಬೀಗ ಬಿದ್ದ ತಿಂಗಳು, ಅಂಗಡಿಯ ಸಾಲ ಕುತ್ತಿಗೆಗೆ ಬಂದ ತಿಂಗಳು ಅದೇ ಓಲೆಯನ್ನು ಅಡವಿಡಲು ಒಯ್ಯಿರಿ. ಬ್ಯಾಂಕಿನವರು ಹರಳಿನ ತೂಕ ಕಳೆದು ಚಿನ್ನಕ್ಕಷ್ಟೇ ಸಾಲ ಕೊಡುತ್ತಾರೆ. ಕೊಂಡ ದಿನ ರತ್ನ, ಅಡವಿಟ್ಟ ದಿನ ಬರೀ ಕಲ್ಲು! ದರ್ಜೆ ಕಲ್ಲಿನ ಗುಣವೇ ಆಗಿದ್ದರೆ ಅಡವಿನ ಕಟ್ಟೆಯ ಮೇಲೆ ಅದು ಎಲ್ಲಿಗೆ ಹೋಯಿತು?

ಅಂದ ನೋಡುವವರ ಕಣ್ಣಿಗೆ ಬಿಟ್ಟದ್ದಾದರೆ, ಆ ಕಣ್ಣಿಗೆ ಸಂಬಳ ಕೊಡುವವರು ಯಾರೆಂಬುದನ್ನು ಗಿರಾಕಿ ಕೇಳಲೇಬೇಕು. ದರ್ಜೆ ಬರೆಯುವ ಶುಲ್ಕವನ್ನು ಸಾಮಾನ್ಯವಾಗಿ ಮಾರುವ ಕಡೆಯವರೇ ತೆರುತ್ತಾರೆ. ಈ ಪದ್ಧತಿ ತಪ್ಪಬೇಕು. ಅಲ್ಲಿಯವರೆಗೆ ಒಡವೆಯ ಅಂಗಡಿಯವರು ಬಿಲ್ಲಿನಲ್ಲಿ ಚಿನ್ನದ ಬೆಲೆ, ಹರಳಿನ ಬೆಲೆ ಬೇರೆ ಬೇರೆ ಬರೆಯಲಿ. ಆ ಹರಳನ್ನು ನಾಳೆ ತಾವೇ ಎಷ್ಟಕ್ಕೆ ಮರಳಿ ಕೊಳ್ಳುವೆವೆಂಬುದನ್ನೂ ಅದರ ಕೆಳಗೇ ಬರೆದು ರುಜು ಹಾಕಲಿ.